ಫೈಲ್ ಯಾರದು, ಬರೆಯುವವರು ಯಾರು?

ಕಂಪ್ಯೂಟರ್ ಪ್ರಶ್ನೋತ್ತರ

ಈ ಸಲ ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತಕರಾರಿನವು: ವೆಬ್ ಸರ್ವರಿನಲ್ಲಿ ‘ಪರ್ಮಿಷನ್ ಡಿನೈಡ್’. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇವೆ. ಕಮಾಂಡುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲೇ ಅಚ್ಚು ಮಾಡಿದೆ. ಯಂತ್ರದಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿಕೊಳ್ಳಿ, ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇವೆ. ರೂಟ್ ಅಧಿಕಾರ ಬೇಕಾದ ಕಮಾಂಡಿನ ಮುಂದೆ ‘ಸುಡೊ’ ಸೇರಿಸಿಕೊಳ್ಳಿ. ಉಬುಂಟು, ಡೆಬಿಯನ್‌ಗಳಲ್ಲಿ ವೆಬ್ ಸರ್ವರ್ ಓಡುವುದು ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’ ಎಂಬ ಯೂಸರ್ ಹೆಸರಿನಲ್ಲಿ. ಪ್ರತಿ ಸಲ ಅಷ್ಟುದ್ದ ಬರೆಯುವ ಬದಲು ಕೆಳಗೆ ‘ವೆಬ್‌ಯೂಸರ್’ ಎಂದಿದ್ದೇವೆ.

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದೊಂದು ಹೋಂಸ್ಟೇ. ವೆಬ್‌ಸೈಟ್ ವರ್ಡ್‌ಪ್ರೆಸ್‌ನಲ್ಲಿದೆ. ಬಾಡಿಗೆ ಸರ್ವರ್, ಉಬುಂಟು 24.04, ವೆಬ್ ಸರ್ವರ್ ಎಂಜಿನ್‌ಎಕ್ಸ್. ಪ್ಲಗಿನ್ ಅಪ್‌ಡೇಟ್ ಒತ್ತಿದರೆ ಎಫ್‌ಟಿಪಿ ಪಾಸ್‌ವರ್ಡ್ ಕೇಳುತ್ತದೆ. ಯಾರೋ ಹೇಳಿದರೆಂದು ಎಲ್ಲಕ್ಕೂ 777 ಕೊಟ್ಟೆ. ಆದರೂ ಕೇಳುತ್ತಲೇ ಇದೆ. ಏನು ಮಾಡಲಿ ಸರ್?

777 ಕೊಟ್ಟರೂ ಅದು ಕೇಳಿಯೇ ಕೇಳುತ್ತದೆ. ವರ್ಡ್‌ಪ್ರೆಸ್ ಇಲ್ಲಿ ನೋಡುತ್ತಿರುವುದು ಅಂಕಿಯನ್ನಲ್ಲ, ಓನರ್ ಯಾರೆಂಬುದನ್ನು. ಡಬ್ಲ್ಯುಪಿ-ಕಂಟೆಂಟ್ ಫೋಲ್ಡರಿನಲ್ಲಿ ಒಂದು ಪರೀಕ್ಷೆಯ ಫೈಲ್ ಬರೆದು ಅದರ ಓನರ್ ಯಾರಾದರು ಎಂದು ನೋಡುತ್ತದೆ. ತನ್ನ ಪ್ರೋಗ್ರಾಂ ಫೈಲಿನ ಓನರ್ ಯಾರೆಂದೂ ನೋಡುತ್ತದೆ. ಎರಡೂ ಒಂದೇ ಆದರೆ ನೇರವಾಗಿ ಬರೆಯುತ್ತದೆ, ಬೇರೆಯಾದರೆ ಎಫ್‌ಟಿಪಿ ಕೇಳುತ್ತದೆ. ನೀವು ನಿಮ್ಮ ಲಾಗಿನ್‌ನಿಂದ ಫೈಲುಗಳನ್ನು ಹಾಕಿದ್ದೀರಿ, ಪಿಎಚ್‌ಪಿ ಓಡುತ್ತಿರುವುದು ವೆಬ್‌ಯೂಸರ್ ಆಗಿ. ಅಲ್ಲಿಗೆ ಓನರ್ ಇಬ್ಬರಾದರು.

ಮೊದಲು 777 ತೆಗೆಯಿರಿ. ಮೂರು ಅಂಕಿಗಳು ಕ್ರಮವಾಗಿ ಓನರ್, ಗ್ರೂಪ್, ಉಳಿದವರಿಗೆ ಸೇರಿದವು. ಓದಲು 4, ಬರೆಯಲು 2, ಓಡಿಸಲು 1, ಇವುಗಳ ಮೊತ್ತವೇ ಅಂಕಿ. ಫೋಲ್ಡರಿನ ಲೆಕ್ಕ ಸ್ವಲ್ಪ ಬೇರೆ: 4 ಎಂದರೆ ಒಳಗಿನ ಹೆಸರುಗಳನ್ನು ಪಟ್ಟಿ ಮಾಡುವುದು, 2 ಎಂದರೆ ಒಳಗೆ ಫೈಲ್ ಹುಟ್ಟಿಸುವುದು, ಅಳಿಸುವುದು, ಹೆಸರು ಬದಲಿಸುವುದು, 1 ಎಂದರೆ ಅದನ್ನು ಹಾದು ಒಳಹೋಗುವುದು. ಒಂದು ಫೈಲನ್ನು ಅಳಿಸಬಹುದೇ ಇಲ್ಲವೇ ಎಂದು ತೀರ್ಮಾನಿಸುವುದು ಆ ಫೈಲಿನ ಅಂಕಿಯಲ್ಲ, ಅದಿರುವ ಫೋಲ್ಡರಿನ ಅಂಕಿ. 777 ಫೋಲ್ಡರಿನಲ್ಲಿ 644 ಫೈಲ್ ಇಟ್ಟು ಕ್ಷೇಮ ಎಂದುಕೊಂಡವರು ಇದನ್ನು ಮರೆತಿರುತ್ತಾರೆ. ಸೈಟಿನ ಫೋಲ್ಡರಿಗೆ ಹೋಗಿ ಇವೆರಡು ಕೊಡಿ:

ಫೈಂಡ್ . -ಟೈಪ್ ಡಿ -ಎಕ್ಸೆಕ್ ಸಿಎಚ್‌ಮಾಡ್ 755 {} +
ಫೈಂಡ್ . -ಟೈಪ್ ಎಫ್ -ಎಕ್ಸೆಕ್ ಸಿಎಚ್‌ಮಾಡ್ 644 {} +

ಒಂದೇ ಏಟಿಗೆ ಎಲ್ಲಕ್ಕೂ 644 ಕೊಟ್ಟರೆ ಫೋಲ್ಡರುಗಳ 1 ಹೋಗಿ ಇಡೀ ಸೈಟ್ 403 (ಪ್ರವೇಶವಿಲ್ಲ ಎಂಬ ಎರರ್) ಆಗುತ್ತದೆ. ಎಲ್ಲಕ್ಕೂ 755 ಕೊಟ್ಟರೆ ಚಿತ್ರಗಳೂ ‘ಓಡುವ’ ಫೈಲುಗಳಾಗುತ್ತವೆ. ಪಿಎಚ್‌ಪಿ ಫೈಲಿಗೆ 1 ಬೇಡವೇ ಬೇಡ. ಪಿಎಚ್‌ಪಿ ಅದನ್ನು ಓದಿಕೊಳ್ಳುತ್ತದೆ ಅಷ್ಟೆ.

ಇನ್ನು ಓನರ್ ವಿಷಯ. ವರ್ಡ್‌ಪ್ರೆಸ್ ಕಾನ್ಫಿಗ್ ಫೈಲಿನಲ್ಲಿ ‘ಎಫ್ಎಸ್_ಮೆಥಡ್’ ಅನ್ನು ‘ಡೈರೆಕ್ಟ್’ ಮಾಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತದೆಯೇ ಹೊರತು ಬರೆಯುವ ಹಕ್ಕು ಕೊಡುವುದಿಲ್ಲ. ನಮ್ಮ ಸಲಹೆ ಇದು: ಸೈಟಿಗೆ ಒಬ್ಬ ಪ್ರತ್ಯೇಕ ಯೂಸರ್ ಮಾಡಿ (‘ತೋಟ’ ಎಂದಿರಲಿ), ಫೈಲುಗಳನ್ನು ಅವನ ಹೆಸರಿಗೆ ಬರೆಯಿರಿ, ಪಿಎಚ್‌ಪಿಯನ್ನೂ ಅವನ ಹೆಸರಿನಲ್ಲೇ ಓಡಿಸಿ. /ಇಟಿಸಿ/ಪಿಎಚ್‌ಪಿ/8.3/ಎಫ್‌ಪಿಎಂ/ಪೂಲ್.ಡಿ/ ಒಳಗೆ ‘ತೋಟ.ಕಾನ್ಫ್’ ಎಂಬ ಫೈಲ್ ಮಾಡಿ ಹೀಗೆ ಬರೆಯಿರಿ:

[ತೋಟ]
ಯೂಸರ್ = ತೋಟ
ಗ್ರೂಪ್ = ತೋಟ
ಲಿಸನ್ = /ರನ್/ಪಿಎಚ್‌ಪಿ/ತೋಟ.ಸಾಕ್
ಲಿಸನ್.ಓನರ್ = ವೆಬ್‌ಯೂಸರ್
ಲಿಸನ್.ಗ್ರೂಪ್ = ವೆಬ್‌ಯೂಸರ್
ಲಿಸನ್.ಮೋಡ್ = 0660
ಪಿಎಂ = ಆನ್‌ಡಿಮ್ಯಾಂಡ್
ಪಿಎಂ.ಮ್ಯಾಕ್ಸ್_ಚಿಲ್ಡ್ರನ್ = 5

‘ಲಿಸನ್.ಓನರ್’, ‘ಲಿಸನ್.ಗ್ರೂಪ್’ ಸಾಲುಗಳನ್ನು ಬಿಟ್ಟರೆ ಎಂಜಿನ್‌ಎಕ್ಸ್‌ಗೆ ಆ ಸಾಕೆಟ್ (ಪಿಎಚ್‌ಪಿ ಜೊತೆ ಮಾತಾಡುವ ಕೊಂಡಿ) ಮುಟ್ಟಲಾಗದೆ 502 ಎರರ್ ಬರುತ್ತದೆ. ಹೀಗೆ ಹೊಸ ಪೂಲ್ (ಒಬ್ಬ ಯೂಸರ್ ಹೆಸರಿನಲ್ಲಿ ಓಡುವ ಪಿಎಚ್‌ಪಿ ಗುಂಪು) ಮಾಡಿದವರಲ್ಲಿ ಬಹಳ ಜನ ಬೀಳುವ ಗುಂಡಿ ಇದು. ಎಂಜಿನ್‌ಎಕ್ಸ್‌ನ ಸೈಟ್ ಫೈಲಿನಲ್ಲೂ ‘ಫಾಸ್ಟ್‌ಸಿಜಿಐ_ಪಾಸ್’ ಸಾಲನ್ನು ಈ ಹೊಸ ಸಾಕೆಟ್ಟಿಗೆ ತಿರುಗಿಸಬೇಕು. ‘ಪಿಎಚ್‌ಪಿ-ಎಫ್‌ಪಿಎಂ8.3 -ಟಿ’, ‘ಎಂಜಿನ್‌ಎಕ್ಸ್ -ಟಿ’ ಎರಡನ್ನೂ ಕೊಟ್ಟು ತಪ್ಪಿಲ್ಲವೆಂದು ಬಂದ ಮೇಲೆ ಎರಡೂ ಸರ್ವಿಸ್‌ಗಳನ್ನು ರೀಲೋಡ್ ಮಾಡಿ. ಕೊನೆಗೆ:

ಸಿಎಚ್‌ಓನ್ -ಆರ್ ತೋಟ:ತೋಟ /ವಾರ್/ಡಬ್ಲ್ಯುಡಬ್ಲ್ಯುಡಬ್ಲ್ಯು/ಹೋಂಸ್ಟೇ

(ಆರ್ ದೊಡ್ಡಕ್ಷರ.) ಡೇಟಾಬೇಸ್ ಪಾಸ್‌ವರ್ಡ್ ಇರುವ ಡಬ್ಲ್ಯುಪಿ-ಕಾನ್ಫಿಗ್ ಫೈಲಿಗೆ ಈಗ 600 ಸಾಕು. ಪಿಎಚ್‌ಪಿಯೇ ಓನರ್ ಆದ್ದರಿಂದ ಬೇರೆ ಯಾರೂ ಅದನ್ನು ಓದಬೇಕಾಗಿಲ್ಲ.

ಇದರಲ್ಲೂ ಒಂದು ಕೊರತೆ ಇದೆ. ಪ್ಲಗಿನ್‌ನಲ್ಲಿ ತೂತು ಇದ್ದರೆ ಒಳನುಗ್ಗಿದವನಿಗೆ ಆ ಸೈಟಿನ ಎಲ್ಲ ಕೋಡ್ ತಿದ್ದಲು ಸಿಗುತ್ತದೆ. ಕೋಡ್ ಒಬ್ಬನದು, ಓಡಿಸುವವನು ಇನ್ನೊಬ್ಬ ಎಂದಿಟ್ಟರೆ ಅದು ತಪ್ಪುತ್ತದೆ, ಆದರೆ ಪ್ರತಿ ಅಪ್‌ಡೇಟನ್ನೂ ಕೈಯಿಂದ ಮಾಡಬೇಕು. ಸೀಸನ್ನಿನಲ್ಲಿ ಅತಿಥಿಗಳನ್ನು ನೋಡಿಕೊಳ್ಳುವವರು ಅದನ್ನು ಮಾಡುವುದಿಲ್ಲ, ಹಳೆಯ ಪ್ಲಗಿನ್ ಹಾಗೇ ಉಳಿಯುತ್ತದೆ. ನಿಮ್ಮಂಥ ಸೈಟಿಗೆ ಅಪ್‌ಡೇಟ್ ತಾನಾಗಿ ಆಗುವುದೇ ಮುಖ್ಯ. ಬದಲಿಗೆ ಅಪ್‌ಲೋಡ್ಸ್ ಫೋಲ್ಡರಿನೊಳಗೆ ಪಿಎಚ್‌ಪಿ ಓಡದಂತೆ ಎಂಜಿನ್‌ಎಕ್ಸ್‌ನಲ್ಲಿ ‘ಡಿನೈ ಆಲ್’ ಇರುವ ಲೊಕೇಶನ್ ಬ್ಲಾಕ್ ಹಾಕಿ. ಅದು ಸಾಮಾನ್ಯ ಪಿಎಚ್‌ಪಿ ಬ್ಲಾಕಿಗಿಂತ ಮೇಲಿರಲಿ. ರೆಜೆಕ್ಸ್ (ಹೆಸರಿನ ಮಾದರಿ ಹೊಂದಿಸುವ) ಬ್ಲಾಕುಗಳಲ್ಲಿ ಮೊದಲು ಹೊಂದಿಕೊಂಡದ್ದನ್ನೇ ಎಂಜಿನ್‌ಎಕ್ಸ್ ಹಿಡಿಯುತ್ತದೆ, ಕೆಳಗಿಟ್ಟರೆ ಇದ್ದೂ ಇಲ್ಲದಂತೆ.

ಪ್ರಶ್ನೆ: ಹಾಸನದಲ್ಲಿ ಮೂರು ಜನ ಸೇರಿ ವೆಬ್‌ಸೈಟ್ ಮಾಡಿಕೊಡುತ್ತೇವೆ. ಒಬ್ಬರು ಹಾಕಿದ ಫೈಲನ್ನು ಇನ್ನೊಬ್ಬರು ತಿದ್ದಲು ಆಗುವುದಿಲ್ಲ. ಗಿರಾಕಿಗಳು ಸೈಟಿನ ಮೂಲಕ ಏರಿಸಿದ ಫೋಟೋ ಅಳಿಸಲು ನಮ್ಮ ಯಾರಿಗೂ ಆಗುವುದಿಲ್ಲ. ದಿನಾ ಸಂಜೆ ಸಿಎಚ್‌ಓನ್ ಓಡಿಸುವುದೇ ಕೆಲಸವಾಗಿದೆ.

ದಿನಾ ಓಡಿಸಬೇಕಾಗಿ ಬಂದರೆ ಹೊಸ ಫೈಲ್ ಹುಟ್ಟುವ ಜಾಗದಲ್ಲೇ ತಪ್ಪಿದೆ ಎಂದರ್ಥ. ಮೂವರಿಗೂ ಒಂದು ಗ್ರೂಪ್ ಮಾಡಿ, ಹೊಸ ಫೈಲು ಹುಟ್ಟುವಾಗಲೇ ಆ ಗ್ರೂಪಿಗೆ ಸೇರುವಂತೆ ಮಾಡಿ.

ಗ್ರೂಪ್‌ಆ್ಯಡ್ ವೆಬ್‌ತಂಡ
ಯೂಸರ್‌ಮಾಡ್ -ಎಜಿ ವೆಬ್‌ತಂಡ ಲಾಗಿನ್‌ಹೆಸರು

ಎರಡನೆಯದರಲ್ಲಿ ಎ ಸಣ್ಣದು, ಜಿ ದೊಡ್ಡದು. ಎ ಬಿಟ್ಟು ಬರೀ ಜಿ ಕೊಟ್ಟರೆ ಆ ವ್ಯಕ್ತಿ ಉಳಿದ ಎಲ್ಲ ಹೆಚ್ಚುವರಿ ಗ್ರೂಪುಗಳಿಂದ ಹೊರಬೀಳುತ್ತಾನೆ, ‘ಸುಡೊ’ ಗ್ರೂಪಿನಿಂದಲೂ. ಇರುವ ಒಬ್ಬನೇ ಅಡ್ಮಿನ್ ಹೀಗೆ ತನ್ನ ಅಧಿಕಾರ ತಾನೇ ಕಳೆದುಕೊಂಡರೆ ರಿಕವರಿ ಮೋಡ್‌ಗೆ ಹೋಗಬೇಕಾಗುತ್ತದೆ. ಸೇರಿಸಿದ ಮೇಲೆ ಲಾಗ್‌ಔಟ್ ಆಗಿ ಮತ್ತೆ ಬರದೆ ಹೊಸ ಗ್ರೂಪ್ ಹತ್ತುವುದಿಲ್ಲ. ಓಡುತ್ತಿರುವ ಸರ್ವಿಸ್‌ಗೂ ಅಷ್ಟೆ, ಅದನ್ನು ರೀಸ್ಟಾರ್ಟ್ ಮಾಡಬೇಕು.

ಆಮೇಲೆ ಸೈಟಿನ ಫೋಲ್ಡರಿನಲ್ಲಿ ‘ಸಿಎಚ್‌ಜಿಆರ್‌ಪಿ -ಆರ್ ವೆಬ್‌ತಂಡ .’ ಕೊಟ್ಟು (ಆರ್ ದೊಡ್ಡದು), ಹಿಂದಿನ ಉತ್ತರದ ಎರಡು ಫೈಂಡ್ ಕಮಾಂಡುಗಳನ್ನೇ 755ರ ಬದಲು 2775, 644ರ ಬದಲು 664 ಹಾಕಿ ಓಡಿಸಿ. ಆರಂಭದ 2 ಎಂದರೆ ಸೆಟ್‌ಜಿಐಡಿ: ಈ ಫೋಲ್ಡರಿನೊಳಗೆ ಯಾರು ಫೈಲ್ ಮಾಡಿದರೂ ಗ್ರೂಪ್ ಮಾತ್ರ ಫೋಲ್ಡರಿನದೇ.

ಬಹಳ ಜನ ಇಷ್ಟಕ್ಕೇ ನಿಲ್ಲಿಸಿ, ಮಾರನೇ ದಿನ ಮತ್ತೆ ಅದೇ ಗೋಳು ಎನ್ನುತ್ತಾರೆ. ಗ್ರೂಪ್ ಸರಿಯಾಯಿತು, ಆದರೆ ಯೂಮಾಸ್ಕ್ (ಹೊಸ ಫೈಲಿನಿಂದ ಯಾವ ಹಕ್ಕು ಕಳೆಯಬೇಕೆಂದು ಹೇಳುವ ಅಂಕಿ) 022 ಇದ್ದರೆ ಹೊಸ ಫೈಲ್ 644 ಆಗಿಯೇ ಹುಟ್ಟುತ್ತದೆ. ಗ್ರೂಪಿಗೆ ಓದುವ ಹಕ್ಕಷ್ಟೇ. ಉಬುಂಟುವಿನಲ್ಲಿ ವಿಎಸ್‌ಎಫ್‌ಟಿಪಿಡಿ ಎಂಬ ಎಫ್‌ಟಿಪಿ ಸರ್ವರ್ ಬಳಸುವವರಿಗೆ ಇನ್ನೂ ಕಷ್ಟ. ಅದರ ‘ಲೋಕಲ್_ಯೂಮಾಸ್ಕ್’ ಹೇಳದಿದ್ದರೆ 077 ಎಂದು ಹಿಡಿಯುತ್ತದೆ, ಏರಿಸಿದ ಪ್ರತಿ ಫೈಲೂ 600 ಆಗಿ ಸೈಟಿನಲ್ಲಿ 403 ತೋರಿಸುತ್ತದೆ. ಆ ಸಾಲಿನ ಮುಂದಿರುವ ಹ್ಯಾಶ್ ಚಿಹ್ನೆ ತೆಗೆದು 002 ಎಂದು ತಿದ್ದಿ ಸರ್ವಿಸ್ ರೀಸ್ಟಾರ್ಟ್ ಮಾಡಿ.

ಯೂಮಾಸ್ಕ್ ಹಿಂದೆ ಓಡುವುದು ಬೇಸರವೆನಿಸಿದರೆ ಎಸಿಎಲ್ (ಬೇಕಾದ ಯೂಸರಿಗೆ, ಗ್ರೂಪಿಗೆ ಪ್ರತ್ಯೇಕ ಹಕ್ಕು ಕೊಡುವ ಪಟ್ಟಿ) ಹಿಡಿಯಿರಿ. ಡೀಫಾಲ್ಟ್ ಎಸಿಎಲ್ ಇರುವ ಫೋಲ್ಡರಿನಲ್ಲಿ ಯೂಮಾಸ್ಕ್ ಲೆಕ್ಕಕ್ಕೇ ಬರುವುದಿಲ್ಲ:

ಸೆಟ್‌ಎಫ್‌ಎಸಿಎಲ್ -ಆರ್ -ಎಂ ಜಿ:ವೆಬ್‌ತಂಡ:ಆರ್‌ಡಬ್ಲ್ಯುಎಕ್ಸ್ .
ಸೆಟ್‌ಎಫ್‌ಎಸಿಎಲ್ -ಆರ್ -ಡಿ -ಎಂ ಜಿ:ವೆಬ್‌ತಂಡ:ಆರ್‌ಡಬ್ಲ್ಯುಎಕ್ಸ್ .

ಮೊದಲ ‘-ಆರ್’ ದೊಡ್ಡಕ್ಷರ, ಕೊನೆಯ ಎಕ್ಸ್ ಕೂಡ ದೊಡ್ಡಕ್ಷರ. ದೊಡ್ಡ ಎಕ್ಸ್ ಎಂದರೆ ಫೋಲ್ಡರುಗಳಿಗೆ ಮತ್ತು ಈಗಾಗಲೇ ಓಡುವ ಹಕ್ಕಿರುವ ಫೈಲುಗಳಿಗೆ ಮಾತ್ರ. ಇಷ್ಟಾದ ಮೇಲೆ ‘ಎಲ್‌ಎಸ್ -ಎಲ್’ ಕೊಟ್ಟರೆ ಪರ್ಮಿಷನ್ ಸಾಲಿನ ತುದಿಯಲ್ಲಿ + ಕಾಣುತ್ತದೆ. ಗಿರಾಕಿಗಳ ಫೋಟೋ ಬೀಳುವ ಅಪ್‌ಲೋಡ್ಸ್ ಫೋಲ್ಡರಿಗೆ ಮಾತ್ರ ಇವೇ ಎರಡು ಸಾಲುಗಳನ್ನು ‘ಯು:ವೆಬ್‌ಯೂಸರ್:ಆರ್‌ಡಬ್ಲ್ಯುಎಕ್ಸ್’ ಹಾಕಿ ಇನ್ನೊಮ್ಮೆ ಕೊಡಿ. ಸ್ಕ್ರಿಪ್ಟ್ ಅಲ್ಲಿ ಬರೆಯುತ್ತದೆ, ನೀವು ಅಳಿಸುತ್ತೀರಿ, ಕೋಡ್ ಕಡೆಗೆ ಸ್ಕ್ರಿಪ್ಟಿನ ಕೈ ಹೋಗುವುದಿಲ್ಲ. ವೆಬ್‌ಯೂಸರನ್ನು ವೆಬ್‌ತಂಡಕ್ಕೆ ಸೇರಿಸಬೇಡಿ, ಸೇರಿಸಿದರೆ ಈ ಬೇಲಿಯೇ ಬಿದ್ದುಹೋಗುತ್ತದೆ. ಪಾಸ್‌ವರ್ಡ್ ಇರುವ ಕಾನ್ಫಿಗ್ ಫೈಲನ್ನು ಮಾತ್ರ ವೆಬ್‌ಯೂಸರ್ ಗ್ರೂಪಿಗೆ ಕೊಟ್ಟು 640 ಮಾಡಿ. ಅದಕ್ಕೂ ಮೊದಲು ‘ಸೆಟ್‌ಎಫ್‌ಎಸಿಎಲ್ -ಬಿ’ ಕೊಟ್ಟು ಆ ಒಂದು ಫೈಲಿನ ಎಸಿಎಲ್ ತೆಗೆದುಬಿಡಿ.

ಎರಡು ಕಡೆ ಎಡವುತ್ತೀರಿ. ಒಂದು, ‘ಎಂವಿ’ಯಿಂದ ಬೇರೆ ಕಡೆಯ ಫೈಲನ್ನು ಇಲ್ಲಿಗೆ ತಂದರೆ ಅದು ತನ್ನ ಹಳೆಯ ಗ್ರೂಪ್, ಹಳೆಯ ಅಂಕಿಗಳ ಸಮೇತ ಬರುತ್ತದೆ. ಡೀಫಾಲ್ಟ್ ಎಸಿಎಲ್ ಅನ್ವಯಿಸುವುದು ಹೊಸದಾಗಿ ಹುಟ್ಟಿದ್ದಕ್ಕೆ ಮಾತ್ರ. ‘ಸಿಪಿ’ ಬಳಸಿ, ಹಳೆಯದನ್ನು ಆಮೇಲೆ ಅಳಿಸಿ. ಎರಡು, ಎಸ್‌ಎಫ್‌ಟಿಪಿಯಲ್ಲಿ ಏರಿಸುವಾಗ ಕೆಲವು ಕ್ಲೈಂಟುಗಳು ನಿಮ್ಮ ಲ್ಯಾಪ್‌ಟಾಪಿನ ಅಂಕಿಯನ್ನೂ ಜೊತೆಗೆ ಕಳಿಸುತ್ತವೆ. 644 ಎಂದು ಬಂದರೆ ಎಸಿಎಲ್‌ನ ಮಾಸ್ಕ್ ಕುಗ್ಗಿ, ‘ಗೆಟ್‌ಎಫ್‌ಎಸಿಎಲ್’ ಕೊಟ್ಟಾಗ ನಿಮ್ಮ ಗ್ರೂಪಿನ ಪಕ್ಕ ‘ಎಫೆಕ್ಟಿವ್’ ಎಂದು ಓದುವ ಹಕ್ಕು ಮಾತ್ರ ಕಾಣುತ್ತದೆ. ಎಸಿಎಲ್ ಕೆಟ್ಟಿದೆ ಎಂದು ಮತ್ತೆ ಮತ್ತೆ ಕೊಡುವ ಬದಲು ಕ್ಲೈಂಟಿನ ಸೆಟ್ಟಿಂಗಿನಲ್ಲಿ ಪರ್ಮಿಷನ್ ಉಳಿಸಿಕೊಳ್ಳುವ ಆಯ್ಕೆಯನ್ನು ತೆಗೆಯಿರಿ.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಪ್ರಾಜೆಕ್ಟಿನ ಫೋಲ್ಡರ್ ನನ್ನ ಹೋಂ ಡೈರೆಕ್ಟರಿಯಲ್ಲಿದೆ. ಫೋಲ್ಡರಿಗೆ 755, ಫೈಲಿಗೆ 644 ಇದೆ. ಅಪಾಚೆ 403 ತೋರಿಸುತ್ತದೆ. ಸೀನಿಯರ್ಸ್‌ಗೆ ಇದೇ ರೀತಿ ಇಟ್ಟರೆ ಓಡುತ್ತಿತ್ತಂತೆ.

ನಿಮ್ಮ ಸೀನಿಯರ್ಸ್ ಹಳೆಯ ಉಬುಂಟು ಬಳಸಿರಬೇಕು. 21.04ರಿಂದ ಈಚೆಗೆ ಹೊಸ ಯೂಸರಿನ ಹೋಂ ಫೋಲ್ಡರ್ 750 ಆಗಿ ಹುಟ್ಟುತ್ತದೆ, ಮೊದಲು 755 ಇರುತ್ತಿತ್ತು. ಎಸ್ಟೇಟ್ ಬಂಗಲೆಯ ಬಾಗಿಲು ತೆರೆದಿಟ್ಟು ರಸ್ತೆಯ ಗೇಟಿಗೆ ಬೀಗ ಹಾಕಿದಂತೆ ಆಗಿದೆ. ಫೈಲ್ ತಲುಪಲು ದಾರಿಯಲ್ಲಿರುವ ಪ್ರತಿ ಫೋಲ್ಡರಿನಲ್ಲೂ ವೆಬ್‌ಯೂಸರಿಗೆ 1 ಬೇಕು. ದಾರಿ ಎಲ್ಲಿ ಕಟ್ಟಿದೆ ಎಂದು ಒಂದೇ ನೋಟಕ್ಕೆ ತೋರಿಸುವುದು:

ನೇಮ್‌ಐ -ಎಲ್ /ಹೋಂ/ನಿಮ್ಮಹೆಸರು/ಪ್ರಾಜೆಕ್ಟ್/ಇಂಡೆಕ್ಸ್.ಪಿಎಚ್‌ಪಿ

ಅಪಾಚೆಯ ಎರರ್ ಲಾಗಿನಲ್ಲಿ ಎಎಚ್00035 ಸಂಖ್ಯೆ ಕಂಡರೆ ಇದೇ ಕಾರಣ. ಹೋಂ ಫೋಲ್ಡರಿಗೆ 755 ಕೊಟ್ಟರೆ ಸೈಟ್ ಓಡುತ್ತದೆ, ಲ್ಯಾಬಿನ ಯಂತ್ರದಲ್ಲಿ ಲಾಗಿನ್ ಇರುವವರೆಲ್ಲ ನಿಮ್ಮ ಫೋಲ್ಡರಿನಲ್ಲಿ ಏನೇನಿದೆ ಎಂದೂ ನೋಡಬಹುದು. ‘ಸೆಟ್‌ಎಫ್‌ಎಸಿಎಲ್ -ಎಂ ಯು:ವೆಬ್‌ಯೂಸರ್:ಎಕ್ಸ್ /ಹೋಂ/ನಿಮ್ಮಹೆಸರು’ ಎಂದರೆ (ಇಲ್ಲಿ ಎಕ್ಸ್ ಸಣ್ಣದು) ಅಪಾಚೆಗೆ ಮಾತ್ರ ಹಾದುಹೋಗುವ ಹಕ್ಕು. ಪ್ರಾಜೆಕ್ಟನ್ನು /ವಾರ್/ಡಬ್ಲ್ಯುಡಬ್ಲ್ಯುಡಬ್ಲ್ಯು/ ಒಳಗೇ ಇಟ್ಟುಕೊಂಡರೆ ಇದೆಲ್ಲ ರಗಳೆಯೇ ಇಲ್ಲ.

ಹಾಗೆಯೇ, ಪೆನ್‌ಡ್ರೈವಿನಲ್ಲೋ ವಿಂಡೋಸ್ ಪಾರ್ಟಿಷನ್ನಿನಲ್ಲೋ ಪ್ರಾಜೆಕ್ಟ್ ಇಟ್ಟು ಸಿಎಚ್‌ಮಾಡ್ ಕೊಡಬೇಡಿ. ಫ್ಯಾಟ್ ಮಾದರಿಯ ಡ್ರೈವಿನಲ್ಲಿ ಓನರ್, ಅಂಕಿ ಬರೆದಿಡುವ ಜಾಗವೇ ಇಲ್ಲ. ಮೌಂಟ್ ಮಾಡುವಾಗ ಕೊಟ್ಟ ಯುಐಡಿ, ಜಿಐಡಿ, ಯೂಮಾಸ್ಕ್ ಆಯ್ಕೆಗಳೇ ಎಲ್ಲ ಫೈಲಿಗೂ ಅನ್ವಯ.

ಪ್ರಶ್ನೆ: ಸಕಲೇಶಪುರದ ತೋಟದವರು. ದಿನದ ಮಳೆಯನ್ನು ಇಂಚು, ಸೆಂಟ್ಸ್ ಲೆಕ್ಕದಲ್ಲಿ ದಾಖಲಿಸುವ ಹಳೆಯ ಪರ್ಲ್ ಸಿಜಿಐ ಸ್ಕ್ರಿಪ್ಟ್ ಇದೆ. ಹೋಸ್ಟಿಂಗ್ ಬದಲಿಸಿದ ಮೇಲೆ 500 ಎರರ್. 755 ಕೊಟ್ಟೆ, 777 ಕೊಟ್ಟೆ, ಹೋಗಲಿಲ್ಲ.

ಸಿಜಿಐ ಸ್ಕ್ರಿಪ್ಟನ್ನು ಸರ್ವರ್ ಓದುವುದಿಲ್ಲ, ಓಡಿಸುತ್ತದೆ. ಅದಕ್ಕೆ 755 ಬೇಕೇ ಬೇಕು. 777 ಕೊಟ್ಟರೆ ಮಾತ್ರ ಕೆಡುವ ಸಾಧ್ಯತೆಯೇ ಹೆಚ್ಚು. ಹೊಸ ಹೋಸ್ಟಿಂಗಿನಲ್ಲಿ ಸುಎಕ್ಸೆಕ್ (ಸ್ಕ್ರಿಪ್ಟನ್ನು ಅದರ ಓನರ್ ಹೆಸರಿನಲ್ಲೇ ಓಡಿಸುವ ಅಪಾಚೆಯ ವ್ಯವಸ್ಥೆ) ಇದ್ದರೆ, ಗ್ರೂಪ್ ಅಥವಾ ಉಳಿದವರು ಬರೆಯಬಹುದಾದ ಸ್ಕ್ರಿಪ್ಟನ್ನು ಅದು ಓಡಿಸಲು ಒಪ್ಪುವುದೇ ಇಲ್ಲ. ಸ್ಕ್ರಿಪ್ಟ್ ಇರುವ ಫೋಲ್ಡರಿಗೂ ಅದೇ ನಿಯಮ. 775 ಕೂಡ ನಡೆಯುವುದಿಲ್ಲ. ಸ್ಕ್ರಿಪ್ಟ್ ಮತ್ತು ಫೋಲ್ಡರಿನ ಓನರ್ ನಿಮ್ಮ ಅಕೌಂಟಿನವರೇ ಆಗಿರಬೇಕು. ಎರಡಕ್ಕೂ 755 ಇಟ್ಟು, ಮಳೆ ಲೆಕ್ಕ ಬರೆಯುವ ಡೇಟಾ ಫೈಲಿಗೆ 600 ಕೊಡಿ. ಸುಎಕ್ಸೆಕ್ ಇದ್ದರೆ ಸ್ಕ್ರಿಪ್ಟ್ ನಿಮ್ಮ ಹೆಸರಿನಲ್ಲೇ ಓಡುವುದರಿಂದ ಇನ್ನೇನೂ ಬೇಡ.

ಇಷ್ಟಾದರೂ 500 ಬಂದರೆ ಎರರ್ ಲಾಗ್ ತೆರೆಯಿರಿ. ಫೈಲ್ ಕಣ್ಣೆದುರಿಗೇ ಇದ್ದರೂ ‘ನೋ ಸಚ್ ಫೈಲ್’ ಎಂದಿದ್ದರೆ ನೂರಕ್ಕೆ ತೊಂಬತ್ತು ಪಾಲು ಸಾಲಿನ ತುದಿಯ ತಕರಾರು. ವಿಂಡೋಸಿನಲ್ಲಿ ತಿದ್ದಿದ ಫೈಲಿನ ಪ್ರತಿ ಸಾಲಿನ ಕೊನೆಗೂ ಕಣ್ಣಿಗೆ ಕಾಣದ ಒಂದು ಅಕ್ಷರ ಹೆಚ್ಚಿಗೆ ಇರುತ್ತದೆ. ಮೊದಲ ಸಾಲಿನಲ್ಲಿ ಪರ್ಲ್ ಎಲ್ಲಿದೆ ಎಂದು ಬರೆದಿದೆಯಲ್ಲ, ಲಿನಕ್ಸ್ ಆ ಹೆಚ್ಚುವರಿ ಅಕ್ಷರವನ್ನೂ ಹೆಸರಿನ ಭಾಗವೆಂದು ಹಿಡಿದು, ಅಂಥ ಪ್ರೋಗ್ರಾಂ ಇಲ್ಲ ಎನ್ನುತ್ತದೆ. ಇಲ್ಲದಿರುವುದು ಸ್ಕ್ರಿಪ್ಟಲ್ಲ, ಆ ಹೆಸರಿನ ಪರ್ಲ್. ‘ಡಾಸ್2ಯುನಿಕ್ಸ್’ ಕಮಾಂಡ್ ಇದನ್ನು ಸರಿಮಾಡುತ್ತದೆ. ಅದಿಲ್ಲದಿದ್ದರೆ ಎಫ್‌ಟಿಪಿಯನ್ನು ಆಸ್ಕಿ ಮೋಡ್‌ಗೆ ಹಾಕಿ ಸ್ಕ್ರಿಪ್ಟನ್ನು ಮತ್ತೆ ಏರಿಸಿ. ಚಿತ್ರಗಳಿಗೆ ಮಾತ್ರ ಬೈನರಿ ಮೋಡೇ ಇರಲಿ, ಇಲ್ಲವಾದರೆ ಹಾಳಾಗುತ್ತವೆ. ಪರ್ಲ್ ಇರುವ ಜಾಗವೂ ಹೋಸ್ಟಿಂಗಿನಿಂದ ಹೋಸ್ಟಿಂಗಿಗೆ ಬದಲಾಗುತ್ತದೆ. ‘ವಿಚ್ ಪರ್ಲ್’ ಕೊಟ್ಟು ಮೊದಲ ಸಾಲಿಗೆ ಹೋಲಿಸಿ ನೋಡಿ.

ಪ್ರಶ್ನೆ: ಅರಸೀಕೆರೆ. ಆಲ್ಮಾ ಲಿನಕ್ಸ್ ಸರ್ವರ್. ಓನರ್ ‘ಅಪಾಚೆ’, ಅಂಕಿ 755, ಎಲ್ಲ ಸರಿಯಿದೆ. ಆದರೂ ಅಪ್‌ಲೋಡ್ ಆಗದು. ಹುಡುಕಿದಲ್ಲೆಲ್ಲ ‘ಎಸ್‌ಇಲಿನಕ್ಸ್ ಆಫ್ ಮಾಡಿ’ ಎನ್ನುತ್ತಾರೆ.

ಆಫ್ ಮಾಡಬೇಡಿ. ಎಸ್‌ಇಲಿನಕ್ಸ್ ಎಂದರೆ ಪರ್ಮಿಷನ್ ಅಂಕಿಗಳ ಮೇಲೆ ಇನ್ನೊಂದು ಕಾವಲು. ಕಾರಣ ಅದೇ ಹೌದೋ ಅಲ್ಲವೋ ಎಂದು ನೋಡಲು ‘ಸೆಟ್‌ಎನ್‌ಫೋರ್ಸ್ 0’ ಕೊಟ್ಟು ಒಮ್ಮೆ ಅಪ್‌ಲೋಡ್ ಮಾಡಿ, ಕೂಡಲೇ ‘ಸೆಟ್‌ಎನ್‌ಫೋರ್ಸ್ 1’ ಕೊಡಿ. ಆ ನಡುವೆ ಅಪ್‌ಲೋಡ್ ಆದರೆ ತಪ್ಪು ಲೇಬಲ್‌ನದು (ಎಸ್‌ಇಲಿನಕ್ಸ್‌ಗಾಗಿ ಪ್ರತಿ ಫೈಲಿಗೂ ಇರುವ ಗುರುತು). ‘ಎಲ್‌ಎಸ್ -ಎಲ್‌ಝಡ್’ (ಝಡ್ ದೊಡ್ಡದು) ಲೇಬಲ್ ತೋರಿಸುತ್ತದೆ. ಮನೆ ಫೋಲ್ಡರಿನಿಂದ ‘ಎಂವಿ’ ಮಾಡಿ ತಂದ ಫೈಲಿಗೆ ‘ಯೂಸರ್_ಹೋಂ_ಟಿ’ ಲೇಬಲ್ ಅಂಟಿಕೊಂಡೇ ಬರುತ್ತದೆ, ಅದನ್ನು ವೆಬ್ ಸರ್ವರ್ ಓದುವಂತೆಯೂ ಇಲ್ಲ. ಓದಲು ಬೇಕಾದ್ದು ‘ಎಚ್‌ಟಿಟಿಪಿಡಿ_ಸಿಸ್_ಕಂಟೆಂಟ್_ಟಿ’, ಬರೆಯಲು ಬೇಕಾದ್ದು ‘ಎಚ್‌ಟಿಟಿಪಿಡಿ_ಸಿಸ್_ಆರ್‌ಡಬ್ಲ್ಯು_ಕಂಟೆಂಟ್_ಟಿ’.

ಸೆಮ್ಯಾನೇಜ್ ಎಫ್‌ಕಂಟೆಕ್ಸ್ಟ್ -ಎ -ಟಿ ಎಚ್‌ಟಿಟಿಪಿಡಿ_ಸಿಸ್_ಆರ್‌ಡಬ್ಲ್ಯು_ಕಂಟೆಂಟ್_ಟಿ '/ವಾರ್/ಡಬ್ಲ್ಯುಡಬ್ಲ್ಯುಡಬ್ಲ್ಯು/ಸೈಟ್/ಅಪ್‌ಲೋಡ್ಸ್(/.*)?'
ರಿಸ್ಟೋರ್‌ಕಾನ್ -ಆರ್‌ವಿ /ವಾರ್/ಡಬ್ಲ್ಯುಡಬ್ಲ್ಯುಡಬ್ಲ್ಯು/ಸೈಟ್

(ಎರಡನೆಯದರಲ್ಲಿ ಆರ್ ದೊಡ್ಡದು.) ಸೆಮ್ಯಾನೇಜ್ ಇಲ್ಲವೆಂದರೆ ‘ಪಾಲಿಸಿಕೋರ್‌ಯುಟಿಲ್ಸ್-ಪೈಥಾನ್-ಯುಟಿಲ್ಸ್’ ಪ್ಯಾಕೇಜ್ ಹಾಕಿಕೊಳ್ಳಿ. ‘ಸಿಎಚ್‌ಕಾನ್’ನಿಂದಲೂ ಲೇಬಲ್ ಬದಲಿಸಬಹುದು, ಆದರೆ ಮುಂದಿನ ರಿಸ್ಟೋರ್‌ಕಾನ್‌ಗೆ ಅದು ಅಳಿಸಿಹೋಗುತ್ತದೆ. ಸ್ಕ್ರಿಪ್ಟಿನಿಂದ ಹೊರಗಿನ ಮೇಲ್ ಸರ್ವರಿಗೋ ಪೇಮೆಂಟ್ ಗೇಟ್‌ವೇಗೋ ಸಂಪರ್ಕ ಆಗದಿದ್ದರೆ ಅದು ಲೇಬಲ್ ವಿಷಯವಲ್ಲ, ‘ಸೆಟ್‌ಎಸ್‌ಇಬೂಲ್ -ಪಿ ಎಚ್‌ಟಿಟಿಪಿಡಿ_ಕ್ಯಾನ್_ನೆಟ್‌ವರ್ಕ್_ಕನೆಕ್ಟ್ ಆನ್’ ಕೊಡಬೇಕು (ಪಿ ದೊಡ್ಡದು).

ಮೊದಲ ಪ್ರಶ್ನೆಯ ಉತ್ತರದಂತೆ ಪ್ರತ್ಯೇಕ ಪೂಲ್ ಮಾಡುವ ಆಲ್ಮಾ, ರಾಕಿ ಬಳಕೆದಾರರು ಇನ್ನೊಂದನ್ನು ನೋಡಿಕೊಳ್ಳಿ. ಅಲ್ಲಿ /ವಾರ್/ಲಿಬ್/ಪಿಎಚ್‌ಪಿ/ಸೆಷನ್ ಫೋಲ್ಡರಿಗೆ ಬರೆಯುವ ಹಕ್ಕಿರುವುದು ‘ಅಪಾಚೆ’ ಗ್ರೂಪಿಗೆ ಮಾತ್ರ. ಹೊಸ ಯೂಸರಿಗೆ ಸೆಷನ್ ಬರೆಯಲಾಗದೆ, ಪಾಸ್‌ವರ್ಡ್ ಸರಿಯಿದ್ದರೂ ಲಾಗಿನ್ ಪುಟ ತಿರುಗಿ ತಿರುಗಿ ಬರುತ್ತದೆ. ಪೂಲ್ ಫೈಲಿನಲ್ಲಿ ಅವನದೇ ಬೇರೆ ಸೆಷನ್ ಫೋಲ್ಡರ್ ಕೊಡಿ. ಉಬುಂಟುವಿನಲ್ಲಿ ಆ ಫೋಲ್ಡರ್ 1733 ಇರುವುದರಿಂದ ಈ ತೊಂದರೆ ಇಲ್ಲ.

ಪ್ರಶ್ನೆ: ಕಡೂರಿನ ಒಂದು ಸಹಕಾರ ಸಂಘದ ಲಾರಾವೆಲ್ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಕೆಲವು ದಿನ ಬೆಳಗ್ಗೆ ಸೈಟ್ ತೆರೆಯುವುದೇ ಇಲ್ಲ, ಲಾಗ್ ಫೈಲಿಗೆ ಬರೆಯಲಾಗದು ಎನ್ನುತ್ತದೆ. ಕೆಲವು ದಿನ ಸರಿಯಿರುತ್ತದೆ.

ರೂಟ್‌ನ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸುವ ವ್ಯವಸ್ಥೆ) ಲಾರಾವೆಲ್‌ನ ‘ಆರ್ಟಿಸನ್ ಶೆಡ್ಯೂಲ್:ರನ್’ ಹಾಕಿದ್ದೀರಿ, ಲಾಗ್ ‘ಡೈಲಿ’ ಮಾದರಿಯಲ್ಲಿದೆ. ನಮ್ಮ ಅಂದಾಜು ಇದು, ‘ಎಲ್‌ಎಸ್ -ಎಲ್ ಸ್ಟೋರೇಜ್/ಲಾಗ್ಸ್’ ಕೊಟ್ಟು ತಾಳೆ ನೋಡಿ. ಆ ಮಾದರಿಯಲ್ಲಿ ತಾರೀಖು ಬದಲಾದ ಮೇಲೆ ಮೊದಲು ಯಾರು ಬರೆಯುತ್ತಾರೋ ಅವರ ಹೆಸರಿನಲ್ಲಿ ಹೊಸ ಫೈಲ್ ಹುಟ್ಟುತ್ತದೆ. ರಾತ್ರಿ ಸೈಟ್ ಕಡೆಯಿಂದ ಒಂದು ಸಾಲು ಮೊದಲು ಬಿದ್ದರೆ ಆ ದಿನ ಪಾರು. ಕ್ರಾನ್ ಮೊದಲು ಬರೆದರೆ ಫೈಲ್ ರೂಟ್‌ನದು, ಬೆಳಗ್ಗೆ ಸೈಟಿಗೆ ಅದರಲ್ಲಿ ಬರೆಯಲಾಗದು.

ರೂಟ್‌ನ ಕ್ರಾನ್‌ನಿಂದ ಆ ಸಾಲು ತೆಗೆದು, ‘ಕ್ರಾನ್‌ಟ್ಯಾಬ್ -ಯು ವೆಬ್‌ಯೂಸರ್ -ಇ’ ಕೊಟ್ಟು ಅಲ್ಲಿ ಹಾಕಿ. ಕೈಯಿಂದ ಆರ್ಟಿಸನ್ ಓಡಿಸುವಾಗಲೂ ‘ಸುಡೊ -ಯು ವೆಬ್‌ಯೂಸರ್ ಪಿಎಚ್‌ಪಿ ಆರ್ಟಿಸನ್ …’ ಎಂದೇ ಓಡಿಸಿ. ಕ್ಯೂ ವರ್ಕರ್ ಸೂಪರ್‌ವೈಸರ್ ಮೂಲಕ ಓಡುತ್ತಿದ್ದರೆ ಅದರ ‘ಯೂಸರ್’ ಸಾಲನ್ನೂ ನೋಡಿ. ಆಮೇಲೆ ‘ಸ್ಟೋರೇಜ್’ ಮತ್ತು ‘ಬೂಟ್‌ಸ್ಟ್ರಾಪ್/ಕ್ಯಾಶ್’ ಎರಡನ್ನು ಮಾತ್ರ ವೆಬ್‌ಯೂಸರ್ ಹೆಸರಿಗೆ ಬರೆಯಿರಿ, ಉಳಿದ ಕೋಡ್ ನಿಮ್ಮ ಹೆಸರಿನಲ್ಲೇ ಇರಲಿ. ಲಾಗಿಂಗ್ ಕಾನ್ಫಿಗ್‌ನಲ್ಲಿ ‘ಪರ್ಮಿಷನ್’ 0664 ಎಂದು ಕೊಟ್ಟರೆ ಸಾಕೆಂಬ ಸಲಹೆ ನಿಮಗೂ ಕಂಡಿರಬಹುದು. ಫೈಲಿನ ಗ್ರೂಪೇ ರೂಟ್ ಆಗಿದ್ದರೆ ಅದರಿಂದ ಏನೂ ಆಗದು.

ಪ್ರಶ್ನೆ: ಕೊಪ್ಪದಿಂದ. ಪಿಎಚ್‌ಪಿಯಲ್ಲಿ ‘ಎಂಕೆಡಿಐಆರ್’ ಬಳಸಿ 755 ಕೊಟ್ಟು ಫೋಲ್ಡರ್ ಮಾಡುತ್ತೇನೆ. ಫೋಲ್ಡರ್ ಬರುತ್ತದೆ, ಆದರೆ ಒಳಗಿರುವುದನ್ನು ಅದೇ ಸ್ಕ್ರಿಪ್ಟಿಗೇ ಪಟ್ಟಿ ಮಾಡಲಾಗುವುದಿಲ್ಲ.

ಮುಂದೆ ಒಂದು ಸೊನ್ನೆ ಸೇರಿಸಿ: 0755. ಸೊನ್ನೆ ಇಲ್ಲದಿದ್ದರೆ ಪಿಎಚ್‌ಪಿ ಅದನ್ನು ಸಾಮಾನ್ಯ ದಶಮಾನ ಸಂಖ್ಯೆ ಎಂದು ಹಿಡಿಯುತ್ತದೆ. ದಶಮಾನದ 755 ಎಂದರೆ ಅಷ್ಟಮಾನದಲ್ಲಿ 1363. ಓನರಿನ ಅಂಕಿ 3 ಆಯಿತು: ಬರೆಯಬಹುದು, ಹಾದುಹೋಗಬಹುದು, ಓದುವ ಹಾಗಿಲ್ಲ. 0777 ಕೊಟ್ಟೂ 755 ಬಂತೆಂದು ಗಾಬರಿಯಾಗಬೇಡಿ, ಅದು ಯೂಮಾಸ್ಕ್ ಕಳೆದದ್ದು.

ಪ್ರಶ್ನೆ: ಮಲ್ನಾಡಿನ ಮಳೆಗಾಲ ಗೊತ್ತಲ್ಲ ಸರ್. ಆಫೀಸಿನಲ್ಲೇ ಇರುವ ಸರ್ವರ್ ಕರೆಂಟ್ ಹೋಗಿ ಬಂದ ಮೇಲೆ ಯಾವ ಫೈಲನ್ನೂ ಉಳಿಸುತ್ತಿಲ್ಲ. ಸಿಎಚ್‌ಮಾಡ್ ಕೂಡ ಆಗುತ್ತಿಲ್ಲ. (ಬೇಲೂರು)

ಇದು ಪರ್ಮಿಷನ್ ವಿಷಯವೇ ಅಲ್ಲ. ಸಿಎಚ್‌ಮಾಡ್ ಕೊಟ್ಟಾಗ ‘ರೀಡ್-ಓನ್ಲಿ ಫೈಲ್ ಸಿಸ್ಟಂ’ ಎಂದು ಬಂದಿರಬೇಕು. ಡಿಸ್ಕಿನ ಬರಹದಲ್ಲಿ ಎಡವಟ್ಟು ಕಂಡರೆ ಇನ್ನಷ್ಟು ಕೆಡದಿರಲೆಂದು ಉಬುಂಟು ಇಡೀ ಪಾರ್ಟಿಷನ್ನನ್ನು ಓದಲು ಮಾತ್ರ ಎಂದು ಮಾಡಿಬಿಡುತ್ತದೆ. ‘ಫೈಂಡ್‌ಎಂಎನ್‌ಟಿ /’ ಕೊಟ್ಟಾಗ ಆಯ್ಕೆಗಳ ಸಾಲು ‘ಆರ್‌ಓ’ ಎಂದು ಶುರುವಾದರೆ ಅದೇ. ಬಲವಂತವಾಗಿ ಮತ್ತೆ ಬರೆಯುವಂತೆ ಮಾಡಲು ಹೋಗಬೇಡಿ. ಓದಲು ಬರುತ್ತಿರುವಾಗಲೇ ಡೇಟಾಬೇಸ್, ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಆಮೇಲೆ ಬೂಟ್ ಮೆನುವಿನಲ್ಲಿ ‘ಎಫ್‌ಎಸ್‌ಸಿಕೆ.ಮೋಡ್=ಫೋರ್ಸ್’ ಸೇರಿಸಿ ಬೂಟ್ ಮಾಡಿ. ‘ಸ್ಮಾರ್ಟ್‌ಸಿಟಿಎಲ್ -ಎ’ ಡಿಸ್ಕಿನ ಆರೋಗ್ಯ ತೋರಿಸುತ್ತದೆ. ಸೆಕ್ಟರುಗಳು ಕೆಡುತ್ತಿದ್ದರೆ ಡಿಸ್ಕ್ ಬದಲಿಸುವುದೊಂದೇ ದಾರಿ. ಯುಪಿಎಸ್ ಇದ್ದರೆ ಸಾಲದು, ಬ್ಯಾಟರಿ ಇಳಿಯುವ ಮುಂಚೆ ಅದು ಸರ್ವರನ್ನು ಕ್ರಮವಾಗಿ ಬಂದ್ ಮಾಡುವಂತೆ ಯುಎಸ್‌ಬಿ ಕೇಬಲ್ ಹಾಕಿ ಎನ್‌ಯುಟಿ ಅಥವಾ ಎಪಿಸಿಯುಪಿಎಸ್‌ಡಿ ತಂತ್ರಾಂಶ ಜೋಡಿಸಿ.

‘ನೋ ಸ್ಪೇಸ್ ಲೆಫ್ಟ್’ ಎಂದು ಬಂದಿದ್ದರೆ ‘ಡಿಎಫ್ -ಎಚ್’ ಜೊತೆ ‘ಡಿಎಫ್ -ಐ’ ಕೂಡ ನೋಡಿ. ಜಾಗ ಇದ್ದರೂ ಲಕ್ಷಾಂತರ ಚಿಕ್ಕ ಕ್ಯಾಶ್ ಫೈಲುಗಳಿಂದ ಐನೋಡ್ (ಫೈಲಿಗೊಂದರಂತೆ ಬೇಕಾಗುವ ದಾಖಲೆ) ಮುಗಿದಿರಬಹುದು.

ಪ್ರಶ್ನೆ: ತರೀಕೆರೆಯಿಂದ. ನಮ್ಮ ಸೈಟ್ ಹ್ಯಾಕ್ ಆಗಿದೆ. ಇಂಡೆಕ್ಸ್ ಫೈಲಿನಲ್ಲಿ ಏನೋ ಜಾಹೀರಾತು. ರೂಟ್ ಆಗಿ ಅಳಿಸಿದರೂ ‘ಆಪರೇಷನ್ ನಾಟ್ ಪರ್ಮಿಟೆಡ್’ ಎನ್ನುತ್ತದೆ. ಸರ್ವರ್ ನಮ್ಮದೇ, ಬೇರೆ ಯಾರಿಗೂ ರೂಟ್ ಪಾಸ್‌ವರ್ಡ್ ಕೊಟ್ಟಿಲ್ಲ.

‘ಪರ್ಮಿಷನ್ ಡಿನೈಡ್’ ಬೇರೆ, ‘ಆಪರೇಷನ್ ನಾಟ್ ಪರ್ಮಿಟೆಡ್’ ಬೇರೆ. ರೂಟ್‌ಗೂ ಎರಡನೆಯದು ಬಂದರೆ ‘ಎಲ್‌ಎಸ್‌ಎಟಿಟಿಆರ್’ ಕೊಟ್ಟು ನೋಡಿ. ಸಾಲಿನಲ್ಲಿ ಐ ಅಕ್ಷರ ಕಂಡರೆ ಫೈಲಿಗೆ ‘ಇಮ್ಯೂಟಬಲ್’ ಗುರುತು ಹಾಕಿದ್ದಾರೆ. ‘ಸಿಎಚ್‌ಎಟಿಟಿಆರ್ -ಐ ಇಂಡೆಕ್ಸ್.ಪಿಎಚ್‌ಪಿ’ ಕೊಟ್ಟರೆ ಗುರುತು ಹೋಗುತ್ತದೆ. ಫೋಲ್ಡರಿಗೂ ಹಾಕಿರಬಹುದು, ‘ಎಲ್‌ಎಸ್‌ಎಟಿಟಿಆರ್ -ಡಿ’ ಕೊಟ್ಟು ಅದನ್ನೂ ನೋಡಿ.

ಅಳಿಸಿ ಮುಗಿಸಿಬಿಟ್ಟಿರಿ ಎಂದುಕೊಳ್ಳಬೇಡಿ. ಈ ಗುರುತು ಹಾಕಲು ರೂಟ್ ಅಧಿಕಾರ ಬೇಕು, ವೆಬ್‌ಯೂಸರ್ ಆಗಿ ಒಳಬಂದವನಿಗೆ ಅದು ಸಾಧ್ಯವಿಲ್ಲ. ನೀವಾಗಲಿ, ಸರ್ವರ್ ಹೊಂದಿಸಿಕೊಟ್ಟವರಾಗಲಿ ಅದನ್ನು ಹಾಕಿಲ್ಲವೆಂದರೆ ಹ್ಯಾಕರಿಗೆ ಇಡೀ ಯಂತ್ರ ಸಿಕ್ಕಿದೆ. ಅಂಥ ಸರ್ವರನ್ನು ಶುದ್ಧ ಮಾಡಲು ಕೂರುವುದು ವ್ಯರ್ಥ. ಹೊಸ ಸರ್ವರ್ ಮಾಡಿ, ಡೇಟಾಬೇಸ್ ಮತ್ತು ಅಪ್‌ಲೋಡ್ ಮಾಡಿದ ಚಿತ್ರಗಳನ್ನು ಮಾತ್ರ ತನ್ನಿ. ಕೋಡನ್ನು ಮೂಲದಿಂದ ಹೊಸದಾಗಿ ಇಳಿಸಿಕೊಳ್ಳಿ. ತರುವ ಮೊದಲು ಅಪ್‌ಲೋಡ್ಸ್ ಫೋಲ್ಡರಿನಲ್ಲಿ:

ಫೈಂಡ್ . -ಟೈಪ್ ಎಫ್ -ಐನೇಮ್ '*.ಪಿಎಚ್*'

ಅಲ್ಲಿ ಇಂಥದ್ದೊಂದೂ ಇರಬಾರದು. ಕೆಲವು ಪ್ಲಗಿನ್‌ಗಳು ಇಡುವ ಖಾಲಿ ಇಂಡೆಕ್ಸ್ ಫೈಲ್ ಇದ್ದರೂ ಇರಬಹುದು, ತೆರೆದು ನೋಡಿ. ಡೇಟಾಬೇಸಿನಲ್ಲಿ ನಿಮಗೆ ಗೊತ್ತಿಲ್ಲದ ಅಡ್ಮಿನ್ ಹೆಸರು ಸೇರಿದೆಯೇ ಎಂದೂ ನೋಡಿ. ಡೇಟಾಬೇಸ್, ಎಸ್‌ಎಸ್‌ಎಚ್, ಮೇಲ್ ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿ. ವರ್ಡ್‌ಪ್ರೆಸ್ ಆದರೆ ಕಾನ್ಫಿಗ್ ಫೈಲಿನ ಎಂಟು ಕೀ, ಸಾಲ್ಟ್ ಸಾಲುಗಳನ್ನೂ ಬದಲಿಸಿ, ಆಗ ಒಳಗೆ ಲಾಗಿನ್ ಆಗಿ ಕೂತವರೆಲ್ಲ ಹೊರಬೀಳುತ್ತಾರೆ. ಹಳೆಯ ಡಿಸ್ಕನ್ನು ಕೂಡಲೇ ಒರೆಸಬೇಡಿ. ಎರರ್ ಲಾಗ್, ಆ್ಯಕ್ಸೆಸ್ ಲಾಗ್ ಎರಡನ್ನೂ ತೆಗೆದಿಟ್ಟುಕೊಂಡು, ಇಂಡೆಕ್ಸ್ ಫೈಲ್ ಬದಲಾದ ಹೊತ್ತಿಗೆ ಯಾವ ಪುಟಕ್ಕೆ ‘ಪೋಸ್ಟ್’ ಬಂದಿದೆ ಎಂದು ಹುಡುಕಿ. ಯಾವ ಪ್ಲಗಿನ್ ಮೂಲಕ ಬಂದರು ಎಂಬುದು ಬಹುಮಟ್ಟಿಗೆ ಅಲ್ಲೇ ಸಿಗುತ್ತದೆ. ಅದು ತಿಳಿಯುವ ತನಕ ಹಳೆಯ ಸರ್ವರಿನಲ್ಲಿದ್ದ ಪ್ಲಗಿನ್‌ಗಳನ್ನು ಹೊಸ ಸರ್ವರಿಗೆ ಹಾಕಬೇಡಿ.